ಗೊತ್ತಿದ್ದೇ ಕೇಳಿದ ಆಣೆ

ಬೀರಪ್ಪನ ಮನೆಯವರು ಆಣೆ ಮಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ. ತುಂಬಿದ ಕೋರ್ಟಿನಲ್ಲಿ, ವಕೀಲನ ಕರಿಕೋಟು ಹಾಕಿಕೊಂಡಿದ್ದ ನಾನು, ಕೈಕಟ್ಟಿ ನಿಂತಿದ್ದ ನನ್ನ ಬಾಲ್ಯದ ಗೆಳೆಯನನ್ನು ಕೇಳಿದೆ— ನಿಮ್ಮ ದೇವರ ಅರಿಶಿನದ ಭಂಡಾರ ಮುಟ್ಟಿ ಪ್ರಮಾಣ ಮಾಡು, ಈ ಕ್ಷಣವೇ ದಾವೆ ಬಿಟ್ಟುಕೊಡುತ್ತೇವೆ ಎಂದು. ಅವನು ಯಾಕೆ ಮುಟ್ಟಲಾರ ಎಂದು ಬಲ್ಲವರು ಆ ಕೋಣೆಯಲ್ಲಿ ಇಬ್ಬರೇ ಇದ್ದೆವು, ಅವನು ಮತ್ತು ನಾನು. ಅವನು ಹೇಳುತ್ತಿದ್ದುದು ನಿಜ ಎಂಬುದೂ ನನಗೆ ಗೊತ್ತಿತ್ತು.

ಇಷ್ಟೇ ವಿಷಯ. ಇಷ್ಟನ್ನು ಹೇಳಲು ನನಗೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಬೇರೆಯವರ ಪರವಾಗಿ ಗಂಟೆಗಟ್ಟಲೆ ವಾದ ಮಾಡಿದ ಬಾಯಿ ಇದು. ಶಿಕಾರಿಪುರದ ಸಂತೆ ಮೈದಾನದಲ್ಲಿ, ಸೊರಬದ ಬಸ್‌ಸ್ಟ್ಯಾಂಡಿನ ಮುಂದೆ, ಮೈಕು ಕೈಕೊಟ್ಟಾಗಲೂ ನಿಲ್ಲದ ಬಾಯಿ. ನನ್ನ ಹೆಂಡತಿ ತಮಾಷೆ ಮಾಡುತ್ತಿದ್ದಳು— ನಿಮ್ಮನ್ನು ಸುಡುವಾಗ ಬಾಯಿಗೆ ಬೇರೆ ಸೌದೆ ಇಡಬೇಕು ಎಂದು. ಆ ಬಾಯಿಗೆ ಈ ನಾಲ್ಕು ಮಾತು ಮಾತ್ರ ಬರಲಿಲ್ಲ.

ಇದನ್ನು ಓದುವ ನೀವು ನನ್ನನ್ನು ಬಲ್ಲವರಿರಬಹುದು. ಬಲ್ಲವರಾದರೆ 'ಭಂಡಾರದ ವಕೀಲರು' ಎಂಬ ಹೆಸರಿನಿಂದಲೇ ಬಲ್ಲಿರಿ. ಆ ಹೆಸರು ನನಗೆ ಎಲ್ಲಿಂದ ಬಂತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ನಮ್ಮಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ವರ್ಗವಾಗಿ ಈಸೂರಿನ ಕಡೆಯ ಒಂದು ಊರಿಗೆ ಬಂದಾಗ, ನಮಗೆ ಬಾಡಿಗೆಗೆ ಸಿಕ್ಕಿದ್ದು ಕುರಿ ಸಾಕುವವರ ಕೇರಿಯ ಅಂಚಿನ ಮನೆ. ಪಕ್ಕದ ಮನೆಯ ಹುಡುಗ ಬೀರಪ್ಪ. ನನ್ನ ಹೆಸರು ಸದಾಶಿವ. ಅವನ ಬಾಯಲ್ಲಿ ಸದಾ. ಅವರ ಮನೆಯ ರೊಟ್ಟಿ, ನಮ್ಮ ಮನೆಯ ಅನ್ನ, ಎರಡೂ ನಮ್ಮಿಬ್ಬರ ಹೊಟ್ಟೆಗೂ ಹೋಗಿವೆ. ಅವನ ತಾಯಿ ನಿಂಗವ್ವ ನನಗೂ ಅವನಿಗೂ ಒಂದೇ ತಂಬಿಗೆಯಲ್ಲಿ ಮಜ್ಜಿಗೆ ಕೊಡುತ್ತಿದ್ದಳು. ಮೊದಲು ಯಾರು ಕುಡಿಯುವುದು ಎಂದು ನಾವು ಕಿತ್ತಾಡುತ್ತಿದ್ದೆವು.

ಹೈಸ್ಕೂಲಿಗೆ ಇಬ್ಬರೂ ಶಿಕಾರಿಪುರಕ್ಕೆ ನಡೆದೇ ಹೋಗುತ್ತಿದ್ದೆವು. ಅಲ್ಲಿ ಒಂದು ಸಲ ಡ್ರಿಲ್ ಮಾಸ್ತರರ ಸೈಕಲ್ ಚಕ್ರದ ಗಾಳಿ ಬಿಟ್ಟವನು ನಾನೇ ಎಂಬ ಆಪಾದನೆ ಬಂತು. ಆ ಹೊತ್ತಿನಲ್ಲಿ ನಾನು ಬೀರಪ್ಪನ ಜೊತೆ ಹುಣಸೇಮರದ ಕೆಳಗಿದ್ದೆ. ಅವನು ಬಂದು ಹಾಗೆಂದೇ ಹೇಳಿದ. ಮಾಸ್ತರರಿಗೆ ಅವರ ಮನೆದೇವರು ಗೊತ್ತಿತ್ತು— "ಹಂಗಾದ್ರೆ ಬೀರಲಿಂಗೇಶ್ವರನ ಭಂಡಾರ ಮುಟ್ಟಿ ಹೇಳ್ತೀಯೇನಲೇ?" ಎಂದರು. ಅವನು ಇಲ್ಲವೆಂದು ತಲೆಯಾಡಿಸಿದ. ನಿಜ ಗೊತ್ತಿದ್ದವನು, ಗೆಳೆಯ ಪಕ್ಕದಲ್ಲೇ ನಿಂತಿದ್ದಾನೆ, ಒಂದು ಆಣೆ ಹಾಕಿದರೆ ಮುಗಿಯಿತು. ಹಾಕಲಿಲ್ಲ. ನನ್ನ ಜೊತೆ ಅವನಿಗೂ ಬೆತ್ತದ ಏಟು ಬಿತ್ತು. ದಾರಿಯುದ್ದಕ್ಕೂ ನಾನು ಅವನ ಜೊತೆ ಮಾತಾಡಲಿಲ್ಲ.

ಸಂಜೆ ನಿಂಗವ್ವ ಅಂಗೈಗೆ ಎಣ್ಣೆ ಹಚ್ಚುತ್ತಾ ಹೇಳಿದಳು. ಅವರ ಮನೆಯ ಹಿರಿಯನೊಬ್ಬ ಹಿಂದೆ ಯಾವುದೋ ಕುರಿ ಜಗಳದಲ್ಲಿ ಭಂಡಾರ ಮುಟ್ಟಿ ಪ್ರಮಾಣ ಮಾಡಿದ್ದನಂತೆ. ಹೇಳಿದ್ದು ನಿಜವೇ. ಆದರೂ ಅದೇ ವರ್ಷ ತೊಟ್ಟಿಲ ಕೂಸು ಹೋಯಿತು. ದೇವರನ್ನು ನಮ್ಮ ಜಗಳಕ್ಕೆ ಎಳೆದು ತಂದದ್ದೇ ತಪ್ಪಾಯಿತು ಎಂದುಕೊಂಡರು. ಅಂದಿನಿಂದ ಆ ಮನೆಯಲ್ಲಿ ಆಣೆಯಿಲ್ಲ. ಸುಳ್ಳಿಗೂ ಇಲ್ಲ, ನಿಜಕ್ಕೂ ಇಲ್ಲ. "ಭಂಡಾರ ಇರೋದು ಹಣಿಗೆ ಹಚ್ಕೊಳಾಕೆ ಕಣಪ್ಪ, ಜಗಳ ಹರಿಯಾಕಲ್ಲ" ಎಂದಳು. ಊರಿಗೆಲ್ಲ ಹೇಳಿಕೊಂಡು ತಿರುಗುವ ಮಾತಲ್ಲ ಅದು. ಹೇಳಿಕೊಂಡರೆ, ಇವರನ್ನು ಯಾವಾಗ ಬೇಕಾದರೂ ಕಳ್ಳರೆನ್ನಬಹುದು ಎಂದು ಜನಕ್ಕೆ ಗೊತ್ತಾಗಿಬಿಡುತ್ತದೆ. ನನಗೆ ಹೇಳಿದಳು. ನಾನು ಮನೆಯ ಹುಡುಗ.

ನಾನು ಓದಿದೆ. ಶಿವಮೊಗ್ಗದಲ್ಲಿ ಲಾ ಮುಗಿಸಿ, ಒಬ್ಬ ಹಿರಿಯ ವಕೀಲರ ಕೈಕೆಳಗೆ ಅವರ ಫೈಲು ಹೊತ್ತು, ಕೊನೆಗೆ ಶಿಕಾರಿಪುರದ ಕೋರ್ಟಿನ ಹತ್ತಿರ ಸ್ವಂತ ಬೋರ್ಡು ಹಾಕಿದೆ. ಬೋರ್ಡಿನ ಮೊಳೆಗೆ ಸುತ್ತಿಗೆ ಹಾಕಿದವನು ಬೀರಪ್ಪ. ಸೊಟ್ಟಗಿದೆ ಎಂದು ನಾನು ಬೈದರೆ, "ನೆಟ್ಟಗಿದ್ರೆ ಯಾವ ಕಕ್ಷಿಗಾರ ನಂಬ್ತಾನೆ, ವಕೀಲನ ಬೋರ್ಡು" ಎಂದು ನಕ್ಕ. ಅವನು ಹತ್ತನೇ ತರಗತಿಗೇ ಓದು ಬಿಟ್ಟು ಕುರಿಯ ಹಿಂದೆ ಹೋಗಿದ್ದ. ಆದರೆ ಊರಿನಲ್ಲಿ ಅವನಿಗೊಂದು ಸ್ಥಾನವಿತ್ತು. ದೇವರ ಕಾರ್ಯಕ್ಕೆ ಡೊಳ್ಳಿನ ಮೊದಲ ಪೆಟ್ಟು ಅವನದೇ ಆಗಬೇಕು. ಅವನು ಬಾರಿಸಿದ ಮೇಲೆ ಉಳಿದವರು.

ನನಗೆ ವಕೀಲಿಕೆ ಸಾಲಲಿಲ್ಲ. ಸುಳ್ಳು ಯಾಕೆ ಹೇಳಲಿ— ನನಗೆ ಜನ ಎದ್ದು ನಿಲ್ಲಬೇಕಿತ್ತು. ಜಡ್ಜು ಬಂದಾಗ ಏಳುವ ಹಾಗೆ, ನಾನು ಬಂದಾಗಲೂ. ನಮ್ಮ ಕಡೆ ವಕೀಲನಾದವನಿಗೆ ರಾಜಕೀಯ ಹೊಸ್ತಿಲಾಚೆಯ ಕೋಣೆ ಇದ್ದ ಹಾಗೆ. ಹೇಗೂ ಊರೂರಿನ ಜಗಳ ಗೊತ್ತಿರುತ್ತದೆ, ಯಾರು ಯಾರ ಮಾತು ಕೇಳುತ್ತಾರೆ ಎಂಬುದೂ ಗೊತ್ತಿರುತ್ತದೆ. ಜಿಲ್ಲಾ ಪಂಚಾಯ್ತಿಗೆ ನಿಲ್ಲುವ ಆಸೆ ಹುಟ್ಟಿತು. ಅದಕ್ಕೆ ಬೀರಪ್ಪನ ಊರಿನ ಗೌಡರ ಬೆಂಬಲ ಬೇಕು. ಅವರು ತೀರಿಕೊಂಡಿದ್ದಾರೆ, ಮಕ್ಕಳು ಇದ್ದಾರೆ, ಹೆಸರು ಬೇಡ. ಗೌಡರು ಬೆರಳೆತ್ತಿದರೆ ಸುತ್ತಲಿನ ಹಳ್ಳಿಗಳಲ್ಲಿ ಎರಡನೆಯ ಮಾತಿಲ್ಲ.

ಆ ಗೌಡರೇ ಒಂದು ದಿನ ನನ್ನ ಆಫೀಸಿಗೆ ಬಂದರು. ಬೀರಪ್ಪನ ಮೇಲೆ ದಾವೆ ಹಾಕಬೇಕು ಎಂದರು.

ಹೊಲದ ವಿಷಯ ಹೀಗಿತ್ತು. ಗೌಡರ ತಂದೆಗೆ ದಿಣ್ಣೆಯ ಮೇಲೊಂದು ಕಲ್ಲುನೆಲವಿತ್ತು, ಏನೂ ಬೆಳೆಯುತ್ತಿರಲಿಲ್ಲ. ಬೀರಪ್ಪನ ಅಪ್ಪ ಬೇಸಿಗೆ ಬಂತೆಂದರೆ ತನ್ನ ಕುರಿಮಂದೆಯನ್ನು ಅಲ್ಲಿ ತರುಬಿ ನಿಲ್ಲಿಸುತ್ತಿದ್ದ. ಕುರಿ ನಿಂತ ನೆಲಕ್ಕೆ ಬೇರೆ ಗೊಬ್ಬರ ಬೇಡ, ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ವರ್ಷ ವರ್ಷ ಹಟ್ಟಿ ಹಾಕಿ, ಕಲ್ಲು ಆರಿಸಿ, ಆ ನೆಲ ಜೋಳ ಕೊಡುವ ಹಾಗಾಯಿತು. ಆಗ ದೊಡ್ಡಗೌಡರು, ಅವರು ಹಳೇ ಕಾಲದ ಮನುಷ್ಯ, "ಈ ನೆಲಾನ ನೆಲ ಮಾಡಿದೋನು ನೀನು, ನೀನೇ ಉಂಡ್ಕೊಂಡು ಹೋಗು" ಎಂದು ಬಾಯಿಮಾತಿನಲ್ಲಿ ಕೊಟ್ಟುಬಿಟ್ಟರು. ಕಾಗದ ಮಾಡಲಿಲ್ಲ, ಪಹಣಿ ಗೌಡರ ಹೆಸರಿನಲ್ಲೇ ಉಳಿಯಿತು. ಅಪ್ಪನ ನಂತರ ಬೀರಪ್ಪ ಉತ್ತ. ಊರಿಗೆ ನಾಲೆ ಬರುವವರೆಗೆ ಯಾರಿಗೂ ಅದರ ನೆನಪಿರಲಿಲ್ಲ. ನಾಲೆ ಬಂತು. ದಿಣ್ಣೆಯ ಬುಡದಲ್ಲಿ ನೀರು ಹರಿಯಿತು. ಗೌಡರಿಗೆ ನೆನಪಾಯಿತು.

"ನಮ್ಮಪ್ಪ ಕೊಟ್ಟಿದ್ದು ಹೌದು ವಕೀಲ್ರೇ" ಎಂದರು ಗೌಡರು, ಎಲೆ ಅಡಿಕೆ ಹಾಕಿಕೊಳ್ಳುತ್ತಾ. "ನಾನೇ ಪಕ್ಕದಾಗ ನಿಂತಿದ್ದೆ. ಆದ್ರೆ ಬಾಯಾಗ ಕೊಟ್ಟಿದ್ದು ಬಾಯಾಗೇ ಹೋತು. ಕುರಿ ತರುಬಾಕಷ್ಟೇ ಬಿಟ್ಟಿದ್ವಿ ಅಂತ ಬರೀರಿ."

ನಾನು ಬರೆದೆ.

ಕಕ್ಷಿದಾರ ಹೇಳಿದ್ದನ್ನು ವಕೀಲ ಹೊರಗೆ ಹಾಕಬಾರದು. ಅದು ಧರ್ಮ. ಆದರೆ ಆ ವಕಾಲತ್ತು ಹಿಡಿಯಲೇಬೇಕು ಎಂಬ ಧರ್ಮ ಯಾವುದೂ ಇರಲಿಲ್ಲ. ನನ್ನಿಂದಾಗದು ಗೌಡ್ರೆ, ಅವನು ನನ್ನ ಗೆಳೆಯ— ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಗೌಡರು ಇನ್ನೊಬ್ಬ ವಕೀಲರ ಬಳಿಗೆ ಹೋಗುತ್ತಿದ್ದರು. ಪಂಚಾಯ್ತಿಗೂ ಇನ್ನೊಬ್ಬನನ್ನು ನಿಲ್ಲಿಸುತ್ತಿದ್ದರು. ಅದು— ಅದೇ ನನಗೆ ಬೇಡವಾಗಿತ್ತು.

ಸಮನ್ಸ್ ಕೈಗೆ ಬಂದಾಗ ಬೀರಪ್ಪ ಮೊದಲು ಬಂದದ್ದು ನನ್ನ ಬಳಿಗೇ. ಬಾಗಿಲಲ್ಲೇ ನಿಂತ. ಯಾರೋ ದಾರಿಯಲ್ಲಿ ಹೇಳಿದ್ದರು. "ನೀನೇ ಆ ಕಡಿಗೆ ನಿಂತೀಯಂತಲ್ಲ ಸದಾ" ಎಂದ. ಅವನ ಕಣ್ಣು ನೋಡದೆ, ವೃತ್ತಿ ಬೀರಾ, ಮೊದಲು ಬಂದವರನ್ನು ಬಿಡಲಾಗುವುದಿಲ್ಲ ಎಂದೇನೋ ಹೇಳಿದೆ. "ಹೋಗ್ಲಿ ಬಿಡು, ನಿನ್ನ ಹೊಟ್ಟೆಪಾಡು. ನಿಜ ಇದ್ದದ್ದು ಎಲ್ಲಿಗೆ ಹೋಗ್ತೈತಿ" ಎಂದು ಹೊರಟ. ಮೆಟ್ಟಿಲಿಳಿಯುವಾಗ ಬೋರ್ಡನ್ನು ಒಮ್ಮೆ ನೋಡಿದ್ದು ನೆನಪಿದೆ.

ಅವನ ಕಡೆ ನಿಂತವರು ಆಗಷ್ಟೇ ಸನ್ನದು ತೆಗೆದುಕೊಂಡಿದ್ದ ಒಬ್ಬ ಹೊಸ ವಕೀಲರು. ಆದರೂ ಅವರ ಕೈ ಬಲವಾಗಿತ್ತು. ಕಾಗದವಿಲ್ಲದಿದ್ದರೂ ಇಷ್ಟು ವರ್ಷದ ಅನುಭೋಗವಿತ್ತು. ಅದಕ್ಕಿಂತ ಹೆಚ್ಚಾಗಿ, ದೊಡ್ಡಗೌಡರು ಆ ಮಾತು ಆಡಿದಾಗ ಅಲ್ಲಿದ್ದ ಇಬ್ಬರು ಮುದುಕರು ಕಟಕಟೆ ಹತ್ತಿ ಹೇಳಲು ಒಪ್ಪಿದ್ದರು. ಊರ ದೈವಕ್ಕೆ ಅಂಜುವ ಮನುಷ್ಯರು, ಅವರನ್ನು ಪಾಟೀಸವಾಲಿನಲ್ಲಿ ಅಲುಗಿಸುವುದು ನನ್ನಿಂದಾಗುತ್ತಿರಲಿಲ್ಲ. ಗೌಡರಿಗೆ ಸೋಲುವ ಭಯ ಹಿಡಿಯಿತು. ಗೌಡರು ಸೋತರೆ ನನ್ನದೂ ಮುಗಿಯಿತು ಎಂಬ ಭಯ ನನಗೆ.

ಆಗ ನನಗೆ ನಿಂಗವ್ವನ ಮಾತು ನೆನಪಾಯಿತು.

ನೆನಪಾಯಿತು ಎಂದರೆ ತಪ್ಪು. ಮರೆತಿದ್ದರೆ ತಾನೇ ನೆನಪಾಗುವುದು? ಅದು ಅಲ್ಲೇ ಇತ್ತು, ನಾನು ಕೈಹಾಕಿ ತೆಗೆದುಕೊಂಡೆ. ಎದುರು ಪಕ್ಷದವನು ಹೀಗೆ ಪ್ರಮಾಣ ಮಾಡಿದರೆ ನಾವು ಅದಕ್ಕೆ ಬದ್ಧರು ಎಂದು ಕೋರ್ಟಿಗೆ ಅರ್ಜಿ ಕೊಡಲು ಕಾನೂನಿನಲ್ಲೇ ಅವಕಾಶವಿದೆ. ಒಪ್ಪುವುದು ಬಿಡುವುದು ಅವನಿಗೆ ಬಿಟ್ಟದ್ದು. ಒಪ್ಪದಿದ್ದರೆ ಕೋರ್ಟು ಅದನ್ನೇ ಸೋಲೆಂದು ಎಣಿಸುವುದೂ ಇಲ್ಲ. ಆದರೆ ಊರು ಎಣಿಸುತ್ತದೆ. ನನಗೆ ಬೇಕಾಗಿದ್ದುದು ಜಡ್ಜಿನ ತೀರ್ಪಲ್ಲ, ಊರಿನದು.

ಗೌಡರಿಗೆ ವಿಷಯ ಹೇಳಿದಾಗ ಹೆದರಿದರು. "ಅಲ್ರೀ, ಅವನು ಮುಟ್ಟೇಬಿಟ್ರೆ? ಹೊಲ ಹೋತಲ್ಲ!"

"ಮುಟ್ಟಲ್ಲ ಗೌಡ್ರೆ. ನಾನು ಬಲ್ಲೆ" ಎಂದೆ.

ಜೀವಮಾನದಲ್ಲಿ ನಾನು ಆಡಿದ ಲಕ್ಷಾಂತರ ಮಾತುಗಳಲ್ಲಿ ಇದೊಂದನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ— ಇರಲಿ. ಹಾಗಿಲ್ಲ.

ಆ ದಿನ ಕೋರ್ಟು ತುಂಬಿತ್ತು. ಭಂಡಾರದ ಆಣೆ ಎಂದು ಸುದ್ದಿ ಹಬ್ಬಿಸಿದವನು ನಾನೇ. ಅವನ ಊರಿನಿಂದ ಜನ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಆ ಇಬ್ಬರು ಮುದುಕರೂ ಬಾಗಿಲ ಬಳಿ ನಿಂತಿದ್ದರು. ನಾನು ಅರ್ಜಿ ಓದಿದೆ. ಅವನ ವಕೀಲರ ಮುಖದಲ್ಲಿ ಖುಷಿ, ಇಷ್ಟು ಸಲೀಸಾಗಿ ಗೆದ್ದೆವಲ್ಲ ಎಂದು. ಜಡ್ಜು ಕನ್ನಡಕ ತೆಗೆದು ಕೇಳಿದರು, "ಏನಪ್ಪಾ, ನೀನು ಹೇಳ್ತಿರೋದು ನಿಜ ಆದ್ರೆ ದೇವಸ್ಥಾನದಲ್ಲಿ ಭಂಡಾರ ಮುಟ್ಟಿ ಪ್ರಮಾಣ ಮಾಡಿ ಹೇಳು ಅಂತಾರೆ. ಆಗ್ತದಾ?"

ಬೀರಪ್ಪ ಜಡ್ಜಿನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ. ದಾರಿ ತಪ್ಪಿದವನು ಪರಿಚಯದ ಮುಖ ಹುಡುಕುವ ಹಾಗೆ ನೋಡಿದ. ನಾನು ಕೈಯಲ್ಲಿದ್ದ ಹಾಳೆ ತಿರುವಿದೆ.

"ಆಗಂಗಿಲ್ಲ ಸ್ವಾಮಿ" ಎಂದ.

"ಯಾಕೆ?"

"ನಮ್ ಮನಿಯಾಗೆ ಮಾಡಂಗಿಲ್ಲ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ನಗು ಬೆಂಚಿನಿಂದ ಬೆಂಚಿಗೆ ಹೋಯಿತು. ಜಡ್ಜು ಮೇಜು ಕುಟ್ಟಿದರು. ನಾನು ಕುಳಿತುಕೊಂಡೆ. ಅವನು ಹಾಗೇ ನಿಂತಿದ್ದ. ಹೋಗಬಹುದು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಉಳಿದದ್ದು ನಾನು ಎಣಿಸಿದ ಹಾಗೆಯೇ ನಡೆಯಿತು. ಮುದುಕರಿಬ್ಬರೂ ಸಾಕ್ಷಿ ಹೇಳಲು ಬರಲಿಲ್ಲ. "ಮನೆದೇವರ ಭಂಡಾರ ಮುಟ್ಟದೋನ ಸಲುವಾಗಿ ನಾವ್ಯಾಕೆ ಕಟಕಟೆ ಹತ್ತಬೇಕು" ಎಂದರಂತೆ. ಸಾಕ್ಷಿಯಿಲ್ಲದೆ ಅವನ ಕೇಸು ಕುಸಿಯಿತು, ಹೊಲ ಗೌಡರ ಪಾಲಾಯಿತು. ಅಪೀಲು ಹೋಗಿ ಎಂದು ಅವನ ವಕೀಲರು ಗೋಗರೆದರೂ ಅವನು ಹೋಗಲಿಲ್ಲ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕೋರ್ಟಿನ ಕಟ್ಟೆಯ ಮೇಲೆ ದಿನಕ್ಕೆ ಹತ್ತು ಸಲ ಕೇಳಿಸುತ್ತದೆ. ನಾನೂ ಎಷ್ಟೋ ಸಲ ನಗುತ್ತಾ ಹೇಳಿದ್ದೇನೆ.

ಆ ವರ್ಷ ದೇವರ ಕಾರ್ಯದಲ್ಲಿ ಡೊಳ್ಳನ್ನು ಇನ್ನೊಬ್ಬನ ಹೆಗಲಿಗೆ ಹಾಕಿದರು. ಬೀರಪ್ಪ ಗುಡಿಯ ಹೊರಗೆ ನಿಂತು ಕೈಮುಗಿದು ಮನೆಗೆ ಹೋದ. ಅವನ ಹೆಂಡತಿ ಕರಿಯವ್ವನಿಗೆ ನಲ್ಲಿಯ ಬಳಿ ಹೆಂಗಸರು ಕೊಡ ಹಿಂದಿಡಲು ಹೇಳುತ್ತಿದ್ದರಂತೆ. ದೇವರಿಗೆ ಸುಳ್ಳಾದವರ ಮನೆ ಎಂದು ಹೆಸರಾಯಿತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಬೀಗದ ಕೈ ನನ್ನ ಬಳಿ ಇತ್ತು. ನಾನು ಆಗ ಬಹಳ ಕೆಲಸದಲ್ಲಿದ್ದೆ.

ನಾನು ಚುನಾವಣೆಗೆ ನಿಂತಿದ್ದೆ. ಭಂಡಾರದ ಮೇಲೆ ನಂಬಿಕೆಯಿಟ್ಟ ವಕೀಲ ಎಂದು, ಬೀರಪ್ಪನ ಕೇರಿಯವರೇ, ಅವನ ಹತ್ತಿರದ ನೆಂಟರೇ ನನ್ನ ಹಣೆಗೆ ಅರಿಶಿನ ಹಚ್ಚಿ ಕರೆದುಕೊಂಡು ಹೋದರು. ಸ್ವಾತಂತ್ರ್ಯ ಹೋರಾಟದ ಈಸೂರಿನ ಹೆಸರೆತ್ತದೆ ನಮ್ಮ ತಾಲ್ಲೂಕಿನಲ್ಲಿ ಯಾರೂ ಭಾಷಣ ಮುಗಿಸುವುದಿಲ್ಲ, ನಾನೂ ಮುಗಿಸಲಿಲ್ಲ. ಸತ್ಯಕ್ಕಾಗಿ ಪ್ರಾಣ ಕೊಟ್ಟ ಮಣ್ಣು ಎಂದು ಕೂಗಿದೆ. ಜನ ಚಪ್ಪಾಳೆ ಹೊಡೆದರು.

ಪ್ರಚಾರದ ಜೀಪಿನಲ್ಲಿ ಬರುವಾಗ ಒಂದು ಮಧ್ಯಾಹ್ನ ರಸ್ತೆ ಬದಿಯಲ್ಲಿ ಅವನನ್ನು ಕಂಡೆ. ಕರಿಯವ್ವ, ಸೊಂಟದಲ್ಲಿ ಮಗಳು ರೇಣುಕಾ, ಒಂದು ಟ್ರಂಕು, ಎರಡು ಗಂಟು. ಬಸ್ಸಿಗೆ ಕಾಯುತ್ತಿದ್ದರು. ಕುರಿ ಮಾರಿ, ಹೆಂಡತಿಯ ತವರು ಹೊಸಬಾಳೆಗೆ ಹೊರಟಿದ್ದರು. ಜೀಪು ನಿಲ್ಲಿಸು ಎನ್ನಲು ನನಗೆ ಬಾಯಿ ಬರಲಿಲ್ಲ, ಜೊತೆಯಲ್ಲಿ ಗೌಡರಿದ್ದರು. ಕರಿಯವ್ವ ಮುಖ ತಿರುಗಿಸಿದಳು. ಬೀರಪ್ಪ ಮಾತ್ರ ಕೈಯೆತ್ತಿ, "ಗೆದ್ ಬಾ ಸದಾ!" ಎಂದು ಕೂಗಿದ.

ಅಣಕಿಸುತ್ತಿದ್ದಾನೆ ಎಂದುಕೊಂಡೆ. ಅಣಕವೇ ಆಗಿರಲಿ ಎಂದು ಬಯಸಿದೆ. ಬಹಳ ವರ್ಷ ಹಾಗೆಂದೇ ನಂಬಿಕೊಂಡಿದ್ದೆ.

ಗೆದ್ದೆ. ಜನ ಎದ್ದು ನಿಂತರು. ಇನ್ನೊಮ್ಮೆಯೂ ಗೆದ್ದೆ. ಶಾಲೆಗಳಿಗೆ ಕೋಣೆ ಕಟ್ಟಿಸಿದೆ, ಕೆರೆ ಹೂಳು ತೆಗೆಸಿದೆ; ಅದೆಲ್ಲ ಸುಳ್ಳಲ್ಲ. ಮುಂದೆ ವಿಧಾನಸಭೆಯ ಟಿಕೆಟ್ ಸಿಗಲಿಲ್ಲ, ಗೌಡರು ಬೇರೆಯವನ ಕಡೆಗೆ ವಾಲಿದರು, ನಾನು ಕೋರ್ಟಿಗೆ ಮರಳಿದೆ. ಬೀರಪ್ಪ ಹೊಸಬಾಳೆಯಲ್ಲಿ ಬೇರೆಯವರ ಗದ್ದೆ ಮಾಡಿಕೊಂಡಿದ್ದಾನೆಂದು ಕೇಳುತ್ತಿದ್ದೆ. ಒಮ್ಮೊಮ್ಮೆ ಹೋಗುತ್ತಿದ್ದೆ ಕೂಡ— ಆಶ್ಚರ್ಯವೇ? ಹೋಗುತ್ತಿದ್ದೆ. ಅವನೇ ಕರೆಯುತ್ತಿದ್ದ. ರೇಣುಕಾಳ ಮದುವೆಗೆ ಕರೆದ. ಹೋಗಿ ಅಕ್ಕಿಕಾಳು ಹಾಕಿದೆ. ಅವಳು ಚಿಕ್ಕವಳಿದ್ದಾಗಿನಿಂದಲೂ ನನ್ನನ್ನು ಮಾಮ ಎನ್ನುತ್ತಿದ್ದಳು. ಅಪ್ಪ ಹಾಗೆ ಕಲಿಸಿದ್ದ. ಕರಿಯವ್ವ ಮಾತ್ರ ನಾನು ಒಳಗೆ ಬಂದರೆ ಹಿತ್ತಿಲಿಗೆ ಹೋಗುತ್ತಿದ್ದಳು. ಹೊಲದ ಮಾತು, ಕೋರ್ಟಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮಿಸಿರಬೇಕು ಎಂದುಕೊಂಡೆ. ಕೇಳದೆಯೇ ಸಿಕ್ಕ ಕ್ಷಮೆ ಎಷ್ಟು ಅಗ್ಗ! ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ನಾನು ಉಪ್ಪು ತಿಂದು ಅವನ ಮನೆಯ ಮಜ್ಜಿಗೆಯನ್ನೇ ಕುಡಿದು ಬರುತ್ತಿದ್ದೆ.

ಹೋದ ವರ್ಷ ರೇಣುಕಾ ಫೋನು ಮಾಡಿದಳು. "ಮಾಮ, ಅಪ್ಪಯ್ಯಂಗೆ ಹುಷಾರಿಲ್ಲ. ನಿಮ್ಮನ್ನ ನೋಡ್ಬೇಕಂತೆ. ಬೇಗ ಬರ್ಲಿ ಅಂದ." ಕರಿಯವ್ವ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದಳು.

ಕಾರಿನಲ್ಲಿ ಹೊರಟೆ. ಉಡುತಡಿಯ ಬೋರ್ಡು ದಾಟುವ ಹೊತ್ತಿಗೆ ನಿರ್ಧಾರ ಮಾಡಿಯಾಗಿತ್ತು— ಇವತ್ತು ಹೇಳಿಬಿಡುತ್ತೇನೆ. ಸೊರಬ ಬರುವ ಹೊತ್ತಿಗೆ ಅದನ್ನು ಹೇಗೆ ಹೇಳಬೇಕೆಂದು ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ. ವಕೀಲನ ಚಟ. ಆ ವಾಕ್ಯಗಳಲ್ಲಿ ಗೌಡರ ಹೆಸರು ಎಷ್ಟು ಸಲ ಬರುತ್ತಿತ್ತು, ನನ್ನದು ಎಷ್ಟು ಕಡಿಮೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಬೀರಪ್ಪ ಹಜಾರದ ಮಂಚದ ಮೇಲೆ ಮಲಗಿದ್ದ. ಡೊಳ್ಳು ಹೊರುತ್ತಿದ್ದ ಆ ಹೆಗಲು ಎಲ್ಲಿ ಹೋಯಿತೋ. ಬಿಸಿಲು ಬಾಗಿಲಿನಿಂದ ಅವನ ಕಾಲಿನವರೆಗೆ ಬಂದಿತ್ತು. ರೇಣುಕಾ ತಲೆಯ ಹತ್ತಿರ ಕೂತು ಚಮಚದಲ್ಲಿ ನೀರು ಹಾಕುತ್ತಿದ್ದಳು. ನನ್ನನ್ನು ನೋಡಿ ಅವನು ನಕ್ಕ. ಕೈ ಹಿಡಿದುಕೊಂಡ.

"ಸದಾ, ಒಂದು ಕೇಳ್ತೀನಿ. ಸಿಟ್ಟಾಗಬ್ಯಾಡ."

"ಕೇಳು ಬೀರಾ."

"ಅವತ್ತು ಕೋರ್ಟಿನಾಗೆ... ನಮ್ಮನಿ ಪದ್ಧತಿ ನಿನಗೆ ಮರ್ತು ಹೋಗಿತ್ತು, ಹೌದಲ್ಲ?"

ಅವನು ನನ್ನ ಕೈ ಬಿಡಲಿಲ್ಲ.

"ನಮ್ಮಾಕಿ ಒಪ್ಪಲಿಲ್ಲ ನೋಡು. ಬೇಕಂತ್ಲೇ ಕೇಳಿದಾನೆ, ಗೊತ್ತಿದ್ದೇ ಕೇಳಿದಾನೆ ಅಂತ ಕೊನೀತನ ಅಂದ್ಲು. ಆಕಿ ಕೂಡ ಜಗಳಾಡಿದೀನಿ ಮಾರಾಯ ನಿನ್ನ ಸಲುವಾಗಿ. ಸಣ್ಣೋನಿದ್ದಾಗ ನಮ್ಮವ್ವ ಹೇಳಿದ್ದು, ಓದೋ ತಲಿ, ಎಲ್ಲಿ ನೆಪ್ಪಿರ್ತೈತಿ ಅಂತ. ನೀನು ಒಂದ್ಸಲ ಬಾಯಿಬಿಟ್ಟು ಅಂದ್ಬಿಡು. ನಮ್ಮ ಹುಡುಗಿ ಕೇಳಿಸಿಕೊಳ್ಳಲಿ."

ಆಗ ನನಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಗೆದ್ದು ಬಾ ಎಂದದ್ದು ಅಣಕವಲ್ಲ. ಮದುವೆಗೆ ಕರೆದದ್ದು ಕ್ಷಮೆಯಲ್ಲ. ಅವನ ಲೆಕ್ಕದಲ್ಲಿ ಕ್ಷಮಿಸುವಂಥದ್ದೇನೂ ನಡೆದೇ ಇರಲಿಲ್ಲ. ಹೊಲ ಹೋಯಿತು, ಊರು ಹೋಯಿತು, ಮರ್ಯಾದೆ ಹೋಯಿತು. ಗೆಳೆಯ ಉಳಿದಿದ್ದಾನೆ ಎಂದು ಅದೊಂದನ್ನು ಹಿಡಿದುಕೊಂಡು ಬದುಕಿದ್ದ. ಅದಕ್ಕಾಗಿ ಹೆಂಡತಿಯ ಜೊತೆ ಮನಸ್ತಾಪ ಕಟ್ಟಿಕೊಂಡಿದ್ದ.

ಹೇಳಬೇಕಿತ್ತು. ಹೇಳಲೆಂದೇ ಹೋಗಿದ್ದೆ. ಸಾಯುವವನ ಮನಸ್ಸು ನೋಯಿಸಬಾರದೆಂದು ಸುಮ್ಮನಾದೆ ಎನ್ನಬಹುದು, ಕೇಳಿದವರು ಒಪ್ಪಿಯೂ ಒಪ್ಪುತ್ತಾರೆ. ಅದೂ ಸುಳ್ಳು. ಆ ಕ್ಷಣ ನಾನು ನೋಡಿದ್ದು ಅವನ ಮುಖವನ್ನಲ್ಲ, ನನ್ನನ್ನೇ ನೋಡುತ್ತಿದ್ದ ರೇಣುಕಾಳ ಮುಖವನ್ನು. ಅವಳ ಮುಂದೆ ಚಿಕ್ಕವನಾಗಲು ನಾನು ಸಿದ್ಧನಿರಲಿಲ್ಲ.

"ಮರ್ತಿದ್ದೆ ಬೀರಾ" ಎಂದೆ.

ಅವನು ಕಣ್ಣು ಮುಚ್ಚಿದ. ಮುಖದ ಗೆರೆಗಳೆಲ್ಲ ಸಡಿಲವಾದವು. ಮಗಳ ಕಡೆ ಕತ್ತು ಹೊರಳಿಸಿ, "ಕೇಳಿದ್ಯಾ? ನಿಮ್ಮವ್ವಂಗೆ ಅಂದಿದ್ದೆ ನಾನು" ಎಂದ. ನನ್ನ ಮಾತಿಗೆ ಅವನು ಆಣೆ ಕೇಳಲಿಲ್ಲ. ಕೇಳುವ ಯೋಚನೆಯೂ ಅವನಿಗೆ ಬರಲಿಲ್ಲ.

ವಾರ ತುಂಬುವುದರೊಳಗೆ ಹೋದ.

ಅವನ ತಿಥಿ ಕಾರ್ಯದಂದು ಹೋಗಿದ್ದೆ. ರೇಣುಕಾ ಮೊದಲ ಪಂಕ್ತಿಯಲ್ಲೇ ನನಗೆ ಎಲೆ ಹಾಕಿಸಿದಳು. ಬಂದವರಿಗೆಲ್ಲ ಹೇಳುತ್ತಿದ್ದಳು, "ಇವ್ರು ಬಂದು ಮಾತಾಡಿ ಹೋದ್ಮೇಲೆ ಅಪ್ಪಯ್ಯ ನೆಮ್ಮದಿಯಾದ. ಕೊನೇಲಿ ಒಂದು ನೋವಿಲ್ಲ ಅವಂಗೆ." ನನಗೆ ಬಡಿಸಿದ ಪಾಯಸದ ಕಡೆ ನೋಡುತ್ತಾ ಕೂತೆ. ಎಡಗಡೆ ಕೂತವರು ಊಟ ಮಾಡಿ ವಕೀಲ್ರೇ ಎಂದರು. ನನ್ನಿಂದಾಗಲಿಲ್ಲ. ಎದ್ದುಬಿಟ್ಟೆ. ಪಂಕ್ತಿಯ ಮಧ್ಯದಲ್ಲಿ ಏಳಬಾರದು, ಎದ್ದೆ.

ಅವಳು ಹಿತ್ತಿಲಲ್ಲಿ ಹಂಡೆಯ ಬಳಿ ಇದ್ದಳು. ಏನಾಯ್ತು ಮಾಮ ಎಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು. ಹೇಳಿದೆ. ಜೋಡಿಸಿಟ್ಟಿದ್ದ ವಾಕ್ಯ ಒಂದೂ ಬರಲಿಲ್ಲ. ನಿಮ್ಮಪ್ಪ ನಿಜ ಹೇಳಿದ್ದ, ಗೌಡರು ನನ್ನೆದುರೇ ಒಪ್ಪಿಕೊಂಡಿದ್ದರು, ನಿಮ್ಮ ಮನೆಯಲ್ಲಿ ಆಣೆ ಮಾಡುವುದಿಲ್ಲವೆಂದು ಗೊತ್ತಿದ್ದೇ ಕೇಳಿದೆ, ನಾನು ಮರೆತಿರಲಿಲ್ಲ— ಅಷ್ಟೇ.

ಅವಳು ಅಳಲಿಲ್ಲ, ಕೂಗಲಿಲ್ಲ. ಹಂಡೆಯ ಬಾಯಿಗೆ ತಟ್ಟೆ ಮುಚ್ಚಿದಳು.

"ಅವ್ವ ಹೇಳಿದ್ದೇ ನಿಜ ಹಂಗಾದ್ರೆ" ಎಂದಳು. "ಅವ್ವ ಸಾಯೋ ವಾರ ಅಪ್ಪಯ್ಯ ಅವಳ ಹತ್ರ ಮಾತು ಬಿಟ್ಟಿದ್ದ. ನಿಮ್ಮ ವಿಷ್ಯಕ್ಕೇ. ಅವ್ಳು ಕರೀತಾ ಕರೀತಾ ಹೋದ್ಲು."

ನನಗೆ ಅದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ನಾನು ನಿಜವಾಗಿ ಹೇಳಬಹುದಾದ ಒಂದೇ ವಿಷಯ ಅದು.

ಕೈಮುಗಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನಂಗೆ ಹೇಳಿ ಏನು ಮಾಡ್ಲಿ ನಾನು? ಊರಿಗೆ ಹೋಗಿ ಹೇಳಿ. ಅಪ್ಪಯ್ಯನ್ನ ದೇವ್ರಿಗೆ ಸುಳ್ಳಾದೋನು ಅಂದೋರು ಇನ್ನೂ ಇದಾರೆ ಅಲ್ಲಿ, ಅವ್ರ ಮುಂದೆ ಹೇಳಿ. ಈ ಮನೆಗೆ ಮಾತ್ರ ಇನ್ನು ಬರಬೇಡಿ, ವಕೀಲ್ರೇ."

ಮಾತು ಬಂದಾಗಿನಿಂದ ನನ್ನನ್ನು ಮಾಮ ಎಂದವಳು.

ಆಮೇಲೆ ಒಂದು ವರ್ಷ ಹೋಯಿತು. ಮಂಡಿನೋವು ಎಂದೆ, ಮಳೆ ಎಂದೆ, ಚುನಾವಣೆಯ ಗದ್ದಲದಲ್ಲಿ ಹೋದರೆ ಜನ ತಪ್ಪು ತಿಳಿಯುತ್ತಾರೆ ಎಂದೆ. ವಾಯಿದೆ ಪಡೆಯುವುದು ನನಗೆ ಯಾರೂ ಕಲಿಸಬೇಕಾಗಿಲ್ಲ. ಆ ಹೊಲದಲ್ಲಿ ಈಗ ಸೈಟಿನ ಕಲ್ಲು ನೆಟ್ಟಿದ್ದಾರೆ. ಅದನ್ನು ಮರಳಿ ಕೊಡಿಸುವುದು ನನ್ನ ಕೈಯಲ್ಲಿಲ್ಲ, ಕೊಟ್ಟರೂ ತೆಗೆದುಕೊಳ್ಳುವವನಿಲ್ಲ. ಹೆಸರೊಂದಿದೆ. ಅದನ್ನು ಕಿತ್ತುಕೊಂಡವನು ನಾನು, ಅದನ್ನಾದರೂ ಕೊಟ್ಟು ಬರಬೇಕು.

ಬರುವ ಅಮಾವಾಸ್ಯೆಯಂದು ಊರಿನವರು ಗುಡಿಯ ಮುಂದೆ ಸೇರುತ್ತಾರೆ. ಹೋಗುತ್ತೇನೆಂದು ಗುಡಿಯ ಯಜಮಾನರಿಗೆ ಹೇಳಿ ಕಳಿಸಿದ್ದೇನೆ. ಸನ್ಮಾನಕ್ಕೆ ಬರುತ್ತಿದ್ದೇನೆಂದು ತಿಳಿದು ಶಾಲು ತರಿಸಿದ್ದಾರಂತೆ. ನನ್ನ ಮಾತು ಕೇಳಿದ ಮೇಲೆ ಬೈಯಬಹುದು, ಹೊಡೆಯಬಹುದು, ಮುದುಕನಿಗೆ ಮತ್ತೆ ಓಟಿನ ಆಸೆ ಹುಟ್ಟಿದೆ ಎಂದು ನಗಲೂಬಹುದು. ವಾದ ಮಾಡುವುದಿಲ್ಲ. ಬೀರಪ್ಪ ಹೇಳಿದ್ದು ನಿಜ, ನಾನು ಗೊತ್ತಿದ್ದೇ ಕೇಳಿದೆ ಎಂದಷ್ಟೇ ಹೇಳಿ ಬರುತ್ತೇನೆ.

ಆದರೆ ಊರಿನವರು ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಅವನು ಕೇಳಿದ್ದ. ನನ್ನ ಕೈ ಹಿಡಿದುಕೊಂಡು ಕೇಳಿದ್ದ.